ಗೋಕುಲ್ ಸರ್‌ಗೆ ಕೇಳಿಸಿದ ಕೊರಿಯನ್

“ಇದರಲ್ಲಿ ಒಂದಕ್ಷರ ಸುಳ್ಳಿದ್ರೆ ನನ್ನ ನಾಲಿಗೆ ಸೇದೋಗ್ಲಿ” ಎಂದು ಗೋಕುಲ್ ಸರ್ ಗಂಟಲ ಮೇಲೆ ಕೈಯಿಟ್ಟು ಆಣೆ ಮಾಡಿದರು. ಓಡುತ್ತಿದ್ದ ಪಾಠದ ಆಡಿಯೋವನ್ನು ಮೊದಲನೇ ವಾಕ್ಯಕ್ಕೇ ನಿಲ್ಲಿಸಿ ಮುಂದುವರಿಸಿದರು. “ಬುಸಾನ್ ಊರಿನ ಮೀನು ಮಾರ್ಕೆಟ್ಟಲ್ಲಿ ಒಂದೇ ಒಂದು ಸಲ ಕೊರಿಯನ್‌ನಲ್ಲಿ ನಮಸ್ಕಾರ ಅಂದೆ ನೋಡಿ, ಇಡೀ ಮಾರ್ಕೆಟ್ಟು ಎದ್ದು ನಿಂತ್ಕೊಳ್ತು. ತಕ್ಕಡೀಲಿದ್ದ ಮೀನೂ ಸೇರಿ.”

“ಮೀನೂನಾ?” ಬ್ಯಾಟರಾಯಪ್ಪ ಬಾಯಿಬಿಟ್ಟರು.

“ಅದಕ್ಕಿನ್ನೂ ಜೀವ ಇತ್ತಲ್ಲ ಯಜಮಾನ್ರೇ.”

ಸಂಜಯನಗರದಲ್ಲಿ ಹೊಲಿಗೆ ಅಂಗಡಿಯೊಂದರ ಮೇಲಿದ್ದ ಆ ಶೀಟಿನ ಕೋಣೆಗೆ ಕೊರಿಯನ್ ಕಲಿಯಲು ಬರುತ್ತಿದ್ದದ್ದೇ ಇಬ್ಬರು. ಬ್ಯಾಟರಾಯಪ್ಪ ಜಕ್ಕೂರಿನವರು. ಅಪ್ಪನ ರಾಗಿ ಹೊಲದಲ್ಲಿ ನಾಲ್ಕು ಅಂತಸ್ತು ಎಬ್ಬಿಸಿ ಕೊರಿಯಾದವರಿಗೆ ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆದಾರರನ್ನು ಅವರ ಭಾಷೆಯಲ್ಲೇ ಬೈಯಬೇಕೆಂಬುದು ಅವರ ಏಕೈಕ ಆಸೆ. ಮೋನಿಷಾಳ ಪಾಡು ಬೇರೆ. ಯಲಹಂಕದ ಹತ್ತಿರ ಕೊರಿಯನ್ ಕಂಪನಿಯೊಂದರ ಗೋಡೌನಿನಲ್ಲಿ ಅವಳು ಡಬ್ಬಗಳಿಗೆ ಟೇಪು ಸುತ್ತುತ್ತಿದ್ದಳು. ಭಾಷಾ ಪರೀಕ್ಷೆಯಲ್ಲಿ ಎರಡನೇ ಲೆವೆಲ್ ಬಂದರೆ ಆಫೀಸಿನೊಳಗೆ ಕೆಲಸ, ಬರದಿದ್ದರೆ ಟೇಪು. ಪರೀಕ್ಷೆ ನಾಳೆ.

“ಸರ್, ಇವತ್ತಾದ್ರೂ ಆಡಿಯೋ ಪೂರ್ತಿ ಬಿಡಿ. ನಂಗೆ ಲಿಸನಿಂಗೇ ಭಯ.”

“ಪೂರ್ತಿ ಕೇಳೋರೇ ಫೇಲಾಗೋದು ಕಣಮ್ಮ. ಹಿನ್ನೆಲೆ ಗೊತ್ತಿರ್ಬೇಕು, ಹಿನ್ನೆಲೆ!”

ಸೇರಿದಾಗಿನಿಂದ ಆ ಕೋಣೆಯಲ್ಲಿ ಒಂದು ಆಡಿಯೋವೂ ಎರಡನೇ ವಾಕ್ಯ ಮುಟ್ಟಿರಲಿಲ್ಲ. ಅಲ್ಲಿಗೆ ಸರಿಯಾಗಿ ಗೋಕುಲ್ ಸರ್‌ಗೆ ಕೊರಿಯಾ ನೆನಪಾಗುತ್ತಿತ್ತು. ಪೂರ್ತಿ ಕೇಳುವುದನ್ನು ಮೋನಿಷಾ ಬಸ್ಸಿನಲ್ಲೇ ಮಾಡುತ್ತಿದ್ದಳು, ಇಯರ್‌ಫೋನ್ ಸಿಕ್ಕಿಸಿಕೊಂಡು. ಹೆಬ್ಬಾಳದ ಜಾಮಿನಲ್ಲಿ ಟೈಮಿಗೇನು ಕಮ್ಮಿ? ತನಗೆ ಅರ್ಥವಾದದ್ದು ಸರಿಯೋ ತಪ್ಪೋ ಹೇಳಲು ಒಬ್ಬ ಮೇಷ್ಟ್ರು ಬೇಕಲ್ಲ ಎಂದು ಇಲ್ಲಿಗೆ ಬರುತ್ತಿದ್ದಳು, ಅಷ್ಟೇ.

ಅಷ್ಟರಲ್ಲಿ ಬ್ಯಾಟರಾಯಪ್ಪನವರ ಫೋನು ಬಡಿದುಕೊಂಡಿತು. “ಮೂರನೇ ಮಾಡೀಲಿರೋ ಕಿಮ್ಮು. ನಾನು ಕೊರಿಯನ್ ಕಲೀತಾ ಇವ್ನಿ ಅಂತ ಅವ್ನಿಗೆ ಏಳ್ಬಿಟ್ಟೆ ನೋಡಿ, ಆವತ್ತಿಂದ ಇಂಗ್ಲಿಷೇ ಮಾತಾಡಲ್ಲ. ನೀವೇ ಇಚಾರ್ಸಿ ಮೇಷ್ಟ್ರೇ” ಎಂದು ಸ್ಪೀಕರ್ ಒತ್ತಿ ಫೋನನ್ನು ಮೇಜಿನ ಮೇಲಿಟ್ಟರು.

ಕಿಮ್ ಒಂದೇ ಉಸಿರಿನಲ್ಲಿ ಕೊರಿಯನ್‌ನಲ್ಲಿ ಕೂಗತೊಡಗಿದ. ಮೊದಲನೇ ವಾಕ್ಯಕ್ಕೆ ಅವನನ್ನು ನಿಲ್ಲಿಸುವ ಬಟನ್ ಯಾವುದೂ ಇರಲಿಲ್ಲ. ಗೋಕುಲ್ ಸರ್ ಫೋನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು, ಹೂಂಗುಟ್ಟಿದರು, ಇನ್ನೊಮ್ಮೆ ಬಗ್ಗಿ ಕಟ್ ಮಾಡಿದರು.

“ಏನಂತೆ?”

“ಮನೆ ತುಂಬಾ ಹಿಡಿಸಿದೆಯಂತೆ. ನಿಮ್ಮಂಥ ಓನರ್ರು ಅವರೂರಲ್ಲೂ ಸಿಗಲ್ವಂತೆ.”

ಬ್ಯಾಟರಾಯಪ್ಪ ಕಾಲರ್ ಸರಿಮಾಡಿಕೊಂಡರು.

ಮೋನಿಷಾ ಕೂತಲ್ಲೇ ನೆಟ್ಟಗಾದಳು. ಒಂದೇ ಸಲ ಕೇಳಿದ್ದು. ಅವಳ ಕಿವಿಗೆ ಒಂದು ಮಾತೂ ತಪ್ಪಿರಲಿಲ್ಲ. “ಸರ್, ಅವರು ಹಂಗನ್ಲಿಲ್ಲ. ಟ್ಯಾಂಕ್ ತುಂಬಿ ನೀರು ಮೆಟ್ಟಿಲ ಮೇಲೆಲ್ಲ ಇಳೀತಿದೆ, ಲಿಫ್ಟೊಳಗೂ ಹೋಗ್ತಿದೆ, ಬೇಗ ಮೋಟರ್ ಆಫ್ ಮಾಡ್ಸಿ ಅಂದ್ರು.”

“ನೀರು ಅಂದಿದ್ದು ನಂಗೂ ಕೇಳಿಸ್ತಮ್ಮ” ಎಂದರು ಗೋಕುಲ್ ಸರ್, ರೆಪ್ಪೆ ಕೂಡ ಅಲುಗಿಸದೆ. “ನೀರು ಚೆನ್ನಾಗಿ ಬರ್ತಿದೆ, ಥ್ಯಾಂಕ್ಸ್ ಅಂದ್ರು.”

“ಕಿರಚ್ತಾ ಇದ್ರು ಸರ್!”

“ಥ್ಯಾಂಕ್ಸ್ ಜಾಸ್ತಿ ಆದ್ರೆ ಅಲ್ಲಿ ಕಿರಚ್ತಾರೆ. ನಂಗೆ ಥ್ಯಾಂಕ್ಸ್ ಹೇಳಿ ಹೇಳಿ ಒಬ್ಬ ಆಸ್ಪತ್ರೆಗೇ ಸೇರ್ಕೊಂಡ.”

“ಅಂಕಲ್, ನೀವಾದ್ರೂ ಮನೆಗೊಂದು ಫೋನ್ ಮಾಡಿ.”

ಬ್ಯಾಟರಾಯಪ್ಪ ಅವಳನ್ನು ಮರುಕದಿಂದ ನೋಡಿದರು. “ಮೇಷ್ಟ್ರು ಆರು ವರ್ಷ ಅಲ್ಲೇ ಇದ್ದು ಬಂದೋರು ಕಣವ್ವಾ. ನೀನು ಏರ್‌ಪೋರ್ಟ್ ಒಳಿಕ್ಕಾದ್ರೂ ಓಗಿದೀಯಾ?”

ಫೋನು ಮತ್ತೆ ಬಡಿದುಕೊಂಡಿತು. ಮತ್ತೆ ಕಿಮ್. “ಒಂದು ಕಿತ ಥ್ಯಾಂಕ್ಸ್ ಏಳಿದ್ರೆ ಸಾಕಾಗಲ್ವಾ ಇವ್ನಿಗೆ!” ಎಂದು ಬ್ಯಾಟರಾಯಪ್ಪ ಅದನ್ನು ಸೈಲೆಂಟ್ ಮಾಡಿ ಬೋರಲು ಹಾಕಿದರು. ಅದು ಗುರ್‌ಗುಡುತ್ತಾ ಮೇಜಿನ ಅಂಚಿನವರೆಗೂ ತೆವಳಿ ಬಂತು.

ಮೋನಿಷಾ ಬ್ಯಾಗು ಹೆಗಲಿಗೇರಿಸಿದಳು. ತಿಂಗಳುಗಟ್ಟಲೆ ಒಳಗೆ ಕೂತಿದ್ದ ಲಿಸನಿಂಗ್ ಭಯ ಇದ್ದಕ್ಕಿದ್ದಂತೆ ಎದ್ದುಹೋಗಿತ್ತು. ಅದರ ಜಾಗಕ್ಕೆ ಬಂದದ್ದು ನಗು. ಅದೇನೂ ಒಳ್ಳೆಯ ನಗುವಲ್ಲ.

“ಎಲ್ಲಿಗಮ್ಮ? ಕೊನೇ ಗುಟ್ಟು ಇನ್ನೂ ಹೇಳೇ ಇಲ್ಲ” ಎಂದು ಗೋಕುಲ್ ಸರ್ ದನಿ ತಗ್ಗಿಸಿದರು. “ನಾಳೆ ಹಾಲ್‌ನಲ್ಲಿ ಆಡಿಯೋ ಶುರುವಾದ ತಕ್ಷಣ ಎರಡೂ ಕಿವಿ ಗಟ್ಟಿಯಾಗಿ ಮುಚ್ಕೊಂಬಿಡು. ಕೇಳಿಸ್ಕೊಂಡೋರೇ ತಪ್ಪು ಬರೆಯೋದು. ಆಮೇಲೆ ಕಣ್ಮುಚ್ಚಿ ಎಲ್ಲಾ ಪ್ರಶ್ನೆಗೂ ಮೂರನೇ ಆಪ್ಷನ್ನೇ...”

ಮೋನಿಷಾ ಆಗಲೇ ಮೆಟ್ಟಿಲಿಳಿದು ರಸ್ತೆಯಲ್ಲಿದ್ದಳು. ಬ್ಯಾಟರಾಯಪ್ಪ ಮಾತ್ರ ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡು, ಶ್ರದ್ಧೆಯಿಂದ ಕೂತಿದ್ದರು.