ಬೆಳವಣಿಗೆಯ ಮೆಟ್ಟಿಲು

ಆ ಬೆಳಿಗ್ಗೆ ಶಹಾಬಾದಿನಲ್ಲಿ ಗಾಳಿಯೇ ಇರಲಿಲ್ಲ. ಪುಷ್ಯದ ಮಂಜು ಕಲ್ಲಿನ ಪುಡಿಯೊಂದಿಗೆ ಬೆರೆತು ಕಲ್ಲು ಪಾಲಿಶ್ ಮಾಡುವ ಅಂಗಳದ ಮೇಲೆ ಕದಲದೆ ನಿಂತಿತ್ತು. ಅಂಥ ಹೊತ್ತಿನಲ್ಲಿ ಸಣ್ಣ ಸದ್ದೂ ದೂರ ಹೋಗುತ್ತದೆ. ಮೊದಲ ಫರಸಿ ಹಾಸುಗಲ್ಲು ಒಡೆದದ್ದು, ಆಫೀಸಿನಲ್ಲಿ ವಿಭೂತಿ ಹಚ್ಚಿಕೊಂಡು ಕೂತಿದ್ದ ಮಾಲಕ ಶಂಕರಲಿಂಗನಿಗೆ ಕಿವಿಯ ಪಕ್ಕದಲ್ಲೇ ಒಡೆದಂತೆ ಕೇಳಿತು.

ಅವನ ಕೈಯಲ್ಲೊಂದು ಹಾಳೆ ಇತ್ತು. ಸಂಜೆ ಸೇಡಂನಲ್ಲಿ ಸಣ್ಣ ಉದ್ಯಮಿಗಳ ಸಭೆ. ಒಂದೇ ವರ್ಷದಲ್ಲಿ ವ್ಯಾಪಾರ ಎರಡು ಪಟ್ಟಾದ ಬಗೆಯನ್ನು ಅಲ್ಲಿ ಅವನು ಹೇಳಬೇಕಿತ್ತು. ಬರೆದುಕೊಂಡಿದ್ದ: ಕೈಯಿಂದ ಎಬ್ಬಿಸಿದ ದುಬಾರಿ ಕಲ್ಲು ಬಿಡಿ, ಸಿಡಿಮದ್ದು ಹಾರಿಸಿದ ಗಣಿಯ ಅಗ್ಗದ ಕಲ್ಲು ತನ್ನಿ. ತಡ ಮಾಡುವವರನ್ನು, ಎಷ್ಟೇ ಹಳಬರಾಗಲಿ, ಕಳಿಸಿಬಿಡಿ. ಕಳಿಸಿದವರ ಮುಖ ಮತ್ತೆ ನೋಡಬೇಡಿ, ಮನಸ್ಸು ಮೆತ್ತಗಾಗುತ್ತದೆ. ಮುಂದಾಳಿನ ಕೈ ನಡುಗಬಾರದು.

ಎರಡನೆಯ ಫರಸಿ ಒಡೆಯಿತು. ಶಂಕರಲಿಂಗ ಹೊರಗೆ ಓಡಿದ.

ಒಡೆಯುತ್ತಿದ್ದವನು ಗುಲಾಮ ದಸ್ತಗೀರ. ಇಪ್ಪತ್ತಾರು ವರ್ಷ ಇದೇ ಅಂಗಳದ ಮೇಸ್ತ್ರಿ. ಹೋದ ತಿಂಗಳು ಕಳಿಸಿಬಿಟ್ಟ ಹಳಬ ಅವನೇ. ಒಂದು ಲೋಡಿಗೆ ಅರ್ಧ ದಿನ ಹಿಡಿಯುತ್ತಾನೆ ಎಂಬುದು ಅವನ ಮೇಲಿದ್ದ ದೂರು. ಅಂದು ಅವನ ಕೈಯಿಂದ ಕಿತ್ತುಕೊಂಡ, ಅವನಪ್ಪನ ಕಾಲದ ಅಂಗೈಯಗಲದ ಸುತ್ತಿಗೆ ಇನ್ನೂ ಆಫೀಸಿನ ಮೊಳೆಗೆ ನೇತಾಡುತ್ತಿತ್ತು. ಈಗ ಅವನು ಹಿಡಿದದ್ದು ಗಣಿಯ ದೊಡ್ಡ ಸುತ್ತಿಗೆ.

ಗೋಡೆಗೆ ಒರಗಿಸಿದ್ದ ನಲವತ್ತು ಫರಸಿಗಳು ಚಿತ್ತಾಪುರದ ಹೊಸ ಹೆಣ್ಣುಮಕ್ಕಳ ಹಾಸ್ಟೆಲಿನ ಮೆಟ್ಟಿಲಿಗೆ ಹೋಗುವಂಥವು. ಹತ್ತು ಗಂಟೆಗೆ ಲಾರಿ. ಮಾಲು ತಪ್ಪಿದರೆ ಗುತ್ತಿಗೆ ಎದುರಾಳಿ, ವಾಡಿಯ ಬಸವಂತರಾಯನಿಗೆ. ಗುತ್ತಿಗೆ ಹೋದರೆ ಈ ಅಂಗಳದ ಗೇಟು ಮುಚ್ಚಿದಂತೆಯೇ.

ದಸ್ತಗೀರ ಅವಸರ ಮಾಡುತ್ತಿರಲಿಲ್ಲ. ಒಂದೊಂದು ಫರಸಿಯ ಮುಂದೂ ನಿಂತು, ಸುತ್ತಿಗೆಯನ್ನು ಎಡಗೈಗೆ ಬದಲಿಸಿ, ಬಲಗೈ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತಿದ್ದ, ಯಾರದೋ ಮನೆಯ ಬಾಗಿಲು ತಟ್ಟಿದ ಹಾಗೆ. ಶಂಕರಲಿಂಗನ ಕಣ್ಣಿಗೆ ಅದು ಅಣಕ. ಆಮೇಲೆ ಬಿಸ್ಮಿಲ್ಲಾ ಎಂದು ಸುತ್ತಿಗೆ ಎತ್ತುತ್ತಿದ್ದ. ನಡುನಡುವೆ ಎರಡು ಮೂರು ಬಿಟ್ಟು ಮುಂದೆ ಹೋಗುತ್ತಿದ್ದ. ಅರವತ್ತು ದಾಟಿದ ತೋಳು, ದಣಿದಿರಬೇಕು.

“ಯಾರ ಕಳಿಸ್ಯಾರ ನಿನ್ನ? ಬಸವಂತರಾಯ ಏನು ಕೊಡ್ತೀನಂದಾನ?”

“ಯಾರೂ ಕಳಿಸಿಲ್ರಿ ಮಾಲಕ್ರ. ಮೂರು ದಿನ ಗೇಟಿಗಿ ನಿಂತೆ. ಒಂದ ಮಾತು ಅದ ಅಂತ ಹೇಳಿ ಕಳಿಸ್ದೆ...”

“ನಿಂದು ನಂದು ಮಾತು ಹೋದ ತಿಂಗಳೇ ಮುಗದದ.”

“ಹಂಗಾರ ಕೆಲಸರೆ ಮುಗಸ್ತೀನ್ರಿ.”

ಇನ್ನೊಂದು ಫರಸಿ ಎರಡಾಯಿತು.

“ದೇವಿಂದ್ರಪ್ಪ, ಏನ್ ನೋಡಾಕತ್ತಿ? ಹಾಕು ಅವನಿಗಿ.”

ಮಷೀನು ನಡೆಸುವ ದೇವಿಂದ್ರಪ್ಪ ಆ ಮುದುಕನ ಕೈಕೆಳಗೇ ಕೆಲಸ ಕಲಿತವನು. ಕಣ್ಣು ಮುಚ್ಚಿಕೊಂಡು ಕಟ್ಟಿಗೆ ಬೀಸಿದ. ಹಣೆ ಸೀಳಿತು. ರಕ್ತ ಬಿಳಿ ಗಡ್ಡದ ಮೇಲೆ ಇಳಿದು ಕಲ್ಲಿನ ಕೆಸರಿಗೆ ಹನಿಯಿತು. ದಸ್ತಗೀರ ಮೊಣಕಾಲೂರಿ ಬಿದ್ದ. ತೋಳಿನಿಂದ ಕಣ್ಣೊರೆಸಿಕೊಂಡು ಎದ್ದ. ಮತ್ತೆ ತಟ್ಟಿದ. ಮತ್ತೆ ಒಡೆದ. ಬೆನ್ನಿಗೆ ಎರಡು ಏಟು ಬಿದ್ದವು. ಅವನು ತಿರುಗಿಯೂ ನೋಡಲಿಲ್ಲ.

ಫರಸಿ ತೊಳೆಯುವ ದ್ರೌಪದಿ ನೀರಿನ ಪೈಪು ಹಿಡಿದು ನಿಂತಿದ್ದಳು. “ಮಾಲಕ್ರ, ಸಂಜೀಕ ಭಾಷಣದಾಗ ಇದೂ ಹೇಳ್ತೀರೇನ್ರಿ?”

ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಶಂಕರಲಿಂಗ ಕಬ್ಬಿಣದ ಸಲಾಕೆ ಎತ್ತಿಕೊಂಡ. ಬೆವರಿಗೆ ವಿಭೂತಿ ಹರಿದು ಹುಬ್ಬಿಗೆ ಇಳಿದಿತ್ತು. ದಸ್ತಗೀರನ ಬಲಗೈ ಕೊನೆಯ ಫರಸಿಯನ್ನು ತಟ್ಟಿ ಇನ್ನೂ ಅದರ ಮೇಲೇ ಇತ್ತು. ಸಲಾಕೆ ಮಣಿಕಟ್ಟಿನ ಮೇಲೆ ಬಿತ್ತು.

ಈ ಸಲ ಮುರಿದದ್ದು ಕಲ್ಲಲ್ಲ.

ಮುದುಕ ಹಲ್ಲು ಕಚ್ಚಿ, ಎಡಗೈಯೊಂದರಿಂದಲೇ ಸುತ್ತಿಗೆ ಎತ್ತಿ ಆ ಫರಸಿಯನ್ನೂ ಒಡೆದ. ಆಮೇಲೆ ಸುತ್ತಿಗೆ ಕೆಳಗಿಟ್ಟು, ಗೋಡೆಗೆ ಒರಗಿ ಕೂತ.

“ಮುಗೀತ್ರಿ. ಇನ್ನ ಗಾಡಿ ತುಂಬ್ರಿ.”

ಒಡೆದವು ಹನ್ನೊಂದು. ಉಳಿದವು ಇಪ್ಪತ್ತೊಂಬತ್ತು.

ಯಾರೂ ಹೇಳದೆಯೇ ದ್ರೌಪದಿ ರಕ್ತ ತೊಳೆಯಲು ಚೂರುಗಳ ಮೇಲೆ ನೀರು ಬಿಟ್ಟಳು. ಕೆಂಪು ಹರಿದು ಹೋಯಿತು. ಒಂದು ಬಣ್ಣ ಮಾತ್ರ ಹೋಗಲಿಲ್ಲ. “ಮಾಲಕ್ರ, ಇಲ್ಲಿ ಬರ್ರಿ,” ಎಂದಳು, ಧ್ವನಿ ತಗ್ಗಿಸಿ.

ಒಡೆದ ಅಂಚಿನಲ್ಲಿ ಹೊಸದಾಗಿ ಸೀಳಿದ ಕಲ್ಲು ನೀಲಿಬೂದಿಯಾಗಿ ಹೊಳೆಯುತ್ತಿತ್ತು. ಅದರ ಪಕ್ಕಕ್ಕೇ, ಪಾಲಿಶ್ ಮಾಡಿದ ಮುಖದ ಕೆಳಗೆ, ಗಣಿಯ ಕೆಂಪು ಮಣ್ಣು ಇಳಿದು ಒಣಗಿದ ಹಳೆಯ ಬಿರುಕಿನ ಗೆರೆ. ಮದ್ದಿನ ಏಟಿಗೆ ಕಲ್ಲಿನ ಹೊಟ್ಟೆಯೊಳಗೆ ಹುಟ್ಟಿದ ಬಿರುಕು. ಶಂಕರಲಿಂಗ ಇನ್ನೊಂದು ಚೂರು ಮಗುಚಿದ. ಅದೇ ಗೆರೆ. ಹನ್ನೊಂದನ್ನೂ ಮಗುಚಿದ, ಹನ್ನೊಂದರಲ್ಲೂ ಇತ್ತು.

ಗೇಟಿನಲ್ಲಿ ಲಾರಿ ಹಾರ್ನ್ ಹೊಡೆಯಿತು. ಯಾರೂ ಕದಲಲಿಲ್ಲ.

ಅವನು ಒಳಗೆ ಹೋಗಿ ಮೊಳೆಯಿಂದ ಆ ಪುಟ್ಟ ಸುತ್ತಿಗೆ ಇಳಿಸಿ ತಂದ. ಉಳಿದ ಮೊದಲ ಫರಸಿಗೆ ಮೆಲ್ಲಗೆ ತಟ್ಟಿದ. ಗಾಳಿಯಿಲ್ಲದ ಅಂಗಳದಲ್ಲಿ ಅದು ಕಂಚಿನ ಹಾಗೆ ನುಡಿಯಿತು. ಎರಡನೆಯದೂ ನುಡಿಯಿತು. ಹತ್ತನೆಯದೂ. ಮುದುಕನಿಗೆ ಅರ್ಧ ದಿನ ಹಿಡಿಯುತ್ತಿದ್ದ ಕೆಲಸ ಇದೇ ಆಗಿತ್ತು: ತಟ್ಟಿ, ಒಳಗೆ ಬಿರುಕಿದ್ದ ಕಲ್ಲನ್ನು ದನಿಯಿಂದಲೇ ಗುರುತಿಸುವುದು. ಇಪ್ಪತ್ತೊಂಬತ್ತೂ ಒಂದೇ ದನಿಯಲ್ಲಿ ನುಡಿದವು.

“ಚಾಚಾ,” ಎಂದು ಶಂಕರಲಿಂಗ ದಸ್ತಗೀರನ ಮುಂದೆ ಕೆಸರಿನಲ್ಲಿ ಕುಕ್ಕರಿಸಿದ. ಹಿಡಿಯನ್ನು ಅವನ ಕಡೆ ತಿರುಗಿಸಿ ಸುತ್ತಿಗೆಯನ್ನು ಅದರ ಒಡೆಯನಿಗೆ ಮರಳಿಸಿದ, ಎಡಗೈಗೆ.