ಕಾಗದ ಉಳಿಸಿದವಳು

ಪ್ರೊಫೆಸರ್ ಮೊಮೊಸೆ ಈ ಸಲ ಪ್ರಿಂಟರಿನ ಮುಂದೆಯೇ ಸಿಕ್ಕಿಬಿದ್ದರು. ಯಂತ್ರ ಹಾಳೆಯ ಮೇಲೆ ಹಾಳೆ ಉಗುಳುತ್ತಿತ್ತು. ಒಂದೇ ಮಗ್ಗುಲಿಗೆ, ಅದೂ ಬಣ್ಣದಲ್ಲಿ.

"ಮೇಷ್ಟ್ರೇ, ಇದು ಬೆಳಿಗ್ಗೆ ಬಂದ ಇಮೇಲು. ಇದನ್ನೂ ಪ್ರಿಂಟ್ ತೆಗೀಬೇಕಾ?" ಎಂದಳು ಕಚೇರಿಯ ಸೊನೊಬೆ ಚಿಜುರು.

"ವಯಸ್ಸಾಯ್ತಲ್ಲಮ್ಮ. ಪರದೆ ಮೇಲಿನ ಅಕ್ಷರ ಕಣ್ಣಿಗೆ ಹತ್ತೋಲ್ಲ."

ಹಸಿ ಸುಳ್ಳು. ಹಿಂದಿನ ದಿನವೇ ಕ್ಯಾಂಟೀನಿನಲ್ಲಿ ಉದೋನ್ ಶಾವಿಗೆ ಹೀರುತ್ತ, ಫೋನಿನಲ್ಲಿ ಸುಮೋ ಕುಸ್ತಿಯ ಫಲಿತಾಂಶ ಓದುತ್ತಿದ್ದರು. ಮೂಗಿನ ಮೇಲೆ ಕನ್ನಡಕವೂ ಇರಲಿಲ್ಲ.

ಸೊನೊಬೆ ವಿಶ್ವವಿದ್ಯಾಲಯದ ಆ ವಿಭಾಗದಲ್ಲಿ ಗುತ್ತಿಗೆ ನೌಕರಳು. ಪ್ರತಿ ವರ್ಷ ಗುತ್ತಿಗೆ ಮುಗಿಯುವ ಮಾರ್ಚ್ ಹತ್ತಿರ ಬಂದರೆ ಸಾಕು, ಅವಳು ದಿನ ಎಣಿಸತೊಡಗುತ್ತಿದ್ದಳು. ಗುತ್ತಿಗೆ ಮುಂದುವರಿದರೆ ಮನೆಯಲ್ಲಿ ಅವಳಿಗೂ ಮಗಳಿಗೂ ಊಟ, ಇಲ್ಲದಿದ್ದರೆ ಇಲ್ಲ. ಈ ವರ್ಷ ಮಾತ್ರ ದಾರಿಯೊಂದು ಕಂಡಿತ್ತು. ಹಾಸ್ಟೆಲ್ ವಿಭಾಗದಿಂದ ವರ್ಗವಾಗಿ ಬಂದಿದ್ದ ಕಚೇರಿಯ ಹೊಸ ಮುಖ್ಯಸ್ಥ ಹತಾನಾಕಾ ಅವಳನ್ನು ಕರೆದು, "ಕಾಗದದ ಖರ್ಚು ಅರ್ಧಕ್ಕಿಳಿಸಿ ತೋರಿಸಿ. ನಿಮ್ಮ ಗುತ್ತಿಗೆಗೆ ಮುದ್ರೆ ಒತ್ತಿಸಿಕೊಂಡು ಬರೋದು ನನ್ನ ಜವಾಬ್ದಾರಿ" ಎಂದಿದ್ದರು. ಪಾಪ, ಒಳ್ಳೆಯ ಮನುಷ್ಯ. ಆದರೆ ಅಲ್ಲಿಯ ಪದ್ಧತಿಯೇ ಹಾಗೆ, ಕುರ್ಚಿಯ ಒಳಗುಟ್ಟು ತಿಳಿಯುವ ಹೊತ್ತಿಗೆ ಕುರ್ಚಿಯಲ್ಲಿದ್ದವರಿಗೆ ವರ್ಗವಾಗಿರುತ್ತದೆ.

ಸೊನೊಬೆ ಸೊಂಟ ಕಟ್ಟಿ ನಿಂತಳು. ಸಭೆಯ ಟಿಪ್ಪಣಿಗಳು ಪರದೆ ಸೇರಿದವು. ಮುದ್ರೆಗಾಗಿ ಕೋಣೆಯಿಂದ ಕೋಣೆಗೆ ಅಲೆಯುತ್ತಿದ್ದ ಕಡತಗಳು ಕಂಪ್ಯೂಟರಿಗೆ ಏರಿದವು. ಪ್ರೊಫೆಸರುಗಳು ಗೊಣಗಿದರು, ಆಮೇಲೆ ಒಗ್ಗಿಕೊಂಡರು.

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಉಳಿದವರು ಎಷ್ಟು ಇಳಿಸಿದರೋ ಮೊಮೊಸೆ ಅಷ್ಟೇ ಏರಿಸಿದರು. ತೆಗೆದ ಪ್ರಿಂಟನ್ನು ಓದುತ್ತಲೂ ಇರಲಿಲ್ಲ, ನೇರ ರದ್ದಿ ಡಬ್ಬಕ್ಕೆ ಹಾಕುತ್ತಿದ್ದರು. ವರ್ಷಗಟ್ಟಲೆ ಹಣಕಾಸು ಸಮಿತಿಯಲ್ಲಿ ಕೂತ ಹಿರಿಯರನ್ನು ಕೇಳುವ ಧೈರ್ಯ ಯಾರಿಗಿದೆ?

ಕೊನೆಗೆ ಸೊನೊಬೆಯೇ ಅವರ ಕೋಣೆಗೆ ಹೋಗಿ ಸೊಂಟ ಬಗ್ಗಿಸಿ ನಿಂತಳು. "ನನ್ನ ಹೊಟ್ಟೆ ಮೇಲೆ ಹೊಡೀಬೇಡಿ, ಮೇಷ್ಟ್ರೇ."

ಅವರು ತಾವೇ ಟೀ ಬಸಿದು ಕೊಟ್ಟರು. "ಈ ವರ್ಷ ಖರ್ಚಾಗದೆ ಉಳಿದದ್ದನ್ನ ಮುಂದಿನ ವರ್ಷ ಕತ್ತರಿಸಿಬಿಡ್ತಾರಮ್ಮ. ಅದನ್ನ ಯೋಚನೆ ಮಾಡಿದ್ದೀರಾ?"

"ಕತ್ತರಿಸಲಿ ಬಿಡಿ. ಅದಕ್ಕೇ ತಾನೇ ನಾವು ಇಷ್ಟು ಒದ್ದಾಡ್ತಿರೋದು?"

ಮೊಮೊಸೆ ಇನ್ನೇನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹತಾನಾಕಾ ಬಾಗಿಲಲ್ಲಿ ಇಣುಕಿದರು. ಸಮಿತಿಯ ಮಾತು ಸಮಿತಿಯಲ್ಲೇ ಉಳಿಯಬೇಕೆನ್ನುವ ಕಾಲದ ಮನುಷ್ಯ ಮೊಮೊಸೆ. "ಟೀ ಆರಿಹೋಗುತ್ತೆ, ಕುಡೀರಿ" ಎಂದು ಸುಮ್ಮನಾದರು.

ಮಾರನೆಯ ದಿನವೇ ಸೊನೊಬೆ ಪ್ರಿಂಟರಿಗೆ ಗುಪ್ತ ಸಂಖ್ಯೆಯ ಬೀಗ ಹಾಕಿಸಿದಳು. ಮೊಮೊಸೆ ಯಂತ್ರದ ಗುಂಡಿಗಳನ್ನು ಒತ್ತಿ ನೋಡಿದರು. "ಗೆದ್ದುಬಿಟ್ರಲ್ಲಮ್ಮ" ಎಂದು ಹೊರಟುಹೋದರು. ಬಾಡಿದ ಆ ಮುಖ ಕಂಡು ಅವಳಿಗೆ ಒಳಗೊಳಗೇ ಹಿಗ್ಗಾಯಿತು, ಸುಳ್ಳೇಕೆ ಹೇಳಬೇಕು.

ಮಾರ್ಚ್ ಬಂತು. ಖರ್ಚು ಅರ್ಧಕ್ಕೂ ಕೆಳಗಿಳಿದಿತ್ತು. ಡೀನರು ಅವಳನ್ನು ಎಲ್ಲರೆದುರು ಹೊಗಳಿ, ದಪ್ಪ ಕಾಗದದಲ್ಲಿ ಚಂದಕ್ಕೆ ಅಚ್ಚು ಹಾಕಿಸಿದ ಪ್ರಶಸ್ತಿಪತ್ರ ಕೊಟ್ಟರು. ಸಭೆಯೇ ಚಪ್ಪಾಳೆ ತಟ್ಟಿತು. ಮೊಮೊಸೆ ಕೈ ಕಟ್ಟಿ ಕೂತಿದ್ದರು. ಹೊಟ್ಟೆಕಿಚ್ಚು ಎಂದುಕೊಂಡಳು ಸೊನೊಬೆ.

ಅದೇ ವಾರ ಹತಾನಾಕಾ ಅವಳನ್ನು ಒಳಗೆ ಕರೆದರು. ಅವಳು ಕೂರುವ ಮೊದಲೇ ಎದ್ದು ನಿಂತು, ಹಣೆ ಮೇಜಿಗೆ ತಾಗುವಷ್ಟು ಬಾಗಿದರು.

"ಕಾಗದದ ಬಾಬ್ತನ್ನ ಮೇಲಿನವರು ಅರ್ಧಕ್ಕಿಳಿಸಿದ್ದಾರೆ, ಸೊನೊಬೆಯವರೇ."

"ಒಳ್ಳೇದೇ ಆಯ್ತಲ್ಲ ಸಾರ್! ಮತ್ತೆ, ನನ್ನ ಗುತ್ತಿಗೆ?"

"ಸಂಬಳದ ಬಾಬ್ತು ಕಾಯಂ ಆದವರಿಗೆ ಮಾತ್ರವಂತೆ. ನಾನು ಹೊಸಬ. ಇವತ್ತು ಮೊಮೊಸೆ ಮೇಷ್ಟ್ರು ಬಿಡಿಸಿ ಹೇಳಿದ ಮೇಲೇ ನನಗೂ ಗೊತ್ತಾಗಿದ್ದು." ಹತಾನಾಕಾ ತಲೆ ಎತ್ತದೆಯೇ ಮುಂದುವರಿಸಿದರು.

"ಗುತ್ತಿಗೆಯವರಿಗೆ ದುಡ್ಡು ಬರೋದು ಕಾಗದದ ಬಾಬ್ತಿನಿಂದ. ಅದಕ್ಕೆ ಕತ್ತರಿ ಬೀಳಬಾರದು ಅಂತಲೇ ಮೇಷ್ಟ್ರು ಇಷ್ಟು ದಿನ ಪ್ರಿಂಟ್ ತೆಗೀತಾ ಇದ್ದದ್ದು."