ಹಿಂದಿನ ಸಾಲಿನ ಕವಣೆ

ಜೀವ ಉಳಿಸಿದ ಆಯುಧ ಮತ್ತೆಂದೂ ತಣ್ಣಗಾಗುವುದಿಲ್ಲ. ಯಾರನ್ನೂ ಉಳಿಸದ್ದು ವರ್ಷ ವರ್ಷ ಇನ್ನಷ್ಟು ತಣ್ಣಗಾಗುತ್ತದೆ. ಇದು ಮಕ್ಕಳಿಗೂ ಗೊತ್ತು. ನಮ್ಮ ಮುತ್ತಜ್ಜಿ ತಿಪ್ಪವ್ವ ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆಯಿಂದಲೇ ದರೋಡೆಕೋರರನ್ನು ಓಡಿಸಿ ಊರು ಉಳಿಸಿದಳು. ಚಳಿಗಾಲದಲ್ಲಿ ಹೆಪ್ಪು ಹಾಕಿದ ಗಡಿಗೆಯನ್ನು ನಾವು ಇವತ್ತಿಗೂ ಆ ಕವಣೆಯ ಪಕ್ಕವೇ ಇಡುತ್ತೇವೆ.

ಆಯುಧಪೂಜೆಯ ಬೆಳಗ್ಗೆ ಅದನ್ನು ಹಿಡಿದು ಮೆರವಣಿಗೆಗೆ ಹೋದೆ. ಮುಂದಾಳು ವಿರೂಪಾಕ್ಷಗೌಡರು. ಒರೆಯಿಂದ ಒಮ್ಮೆಯೂ ಹೊರಬಾರದ ಅವರ ಮನೆತನದ ಖಡ್ಗ ಮಖಮಲ್ಲಿನ ಮೇಲೆ ಮಂಜುಗಡ್ಡೆಯಂತೆ ಬೆವರುತ್ತಿತ್ತು.

“ಕವಣಿ ತಗೊಂಡು ಹಿಂದಿನ ಸಾಲಿಗೆ ನಡಿ,” ಎಂದರು ಗೌಡರು. “ಯಾವ ದೇಶದ ಪುರಾಣ ತಗದು ನೋಡು, ಖಡ್ಗಕ್ಕ ಒಂದು ಹೆಸರಿರ್ತದ. ಕವಣಿಗೆ ಯಾರರೆ ಹೆಸರಿಟ್ಟಾರೇನು?”

ನನಗೆ ಮೈಯೆಲ್ಲ ಉರಿಯಿತು. “ಶಿವನ ಕೈಯಾಗ ತ್ರಿಶೂಲ, ಹನುಮಪ್ಪನ ಕೈಯಾಗ ಗದೆ, ರಾಮನ ಕೈಯಾಗ ಬಿಲ್ಲು. ಅವರನ್ನೂ ಹಿಂದಿನ ಸಾಲಿಗೆ ಕಳಸ್ತೀರೇನ್ರೀ ಗೌಡ್ರ?”

ಗೌಡರು ಪದ್ಧತಿಯಂತೆ ಬರಿಗೈಯಲ್ಲಿ ಖಡ್ಗ ಎತ್ತಿಕೊಂಡು ಮುಂದೆ ನಡೆದರು. ಊರ ಅಗಸಿ ಬಾಗಿಲು ಮುಟ್ಟುವಷ್ಟರಲ್ಲಿ ಅವರ ಬೆರಳು ನೀಲಿಗಟ್ಟಿದ್ದವು. ಮೆರವಣಿಗೆ ನಿಂತಿತು. ಖಡ್ಗವನ್ನು ಕಟ್ಟೆಯ ಮೇಲಿಟ್ಟು, ಎಲ್ಲ ಸಾಲು ದಾಟಿ, ಅವರು ಹಿಂದಿನ ಸಾಲಿನಲ್ಲಿದ್ದ ನನ್ನ ಹತ್ತಿರವೇ ಬಂದರು.

“ಕೈ ಸೆಟದು ಹೋಗ್ಯಾವ. ಒಂದೀಟು ಆ ಕವಣಿ ಕೊಡವಾ.”

ನಾನು ಕವಣೆಯನ್ನು ಉಡಿಯೊಳಗೆ ಸೇರಿಸಿ ಗಂಟು ಹಾಕಿದೆ.

“ಇದಕ್ಕೂ ಹೆಸರದ, ತಿಪ್ಪವ್ವ ಅಂತ. ಊರಿಗೆಲ್ಲ ಕೇಳೂ ಹಂಗ ಹೆಸರು ಹಿಡದು ಕರೀರಿ, ಕೊಡ್ತೀನಿ.”